ನಾನು ಟ್ಯಾಂಕು ಕಟ್ಟಿದ್ದು

ನಾನು ಟ್ಯಾಂಕು ಕಟ್ಟುತ್ತಿದ್ದೇನೆಂಬ ಸುದ್ದಿ ನಮ್ಮ ಬೀದಿಯಲ್ಲಿ ಹಬ್ಬಿದ ಮೂರನೆಯ ದಿನ ಬೆಳಿಗ್ಗೆ ಗಾರೆ ಕೆಲಸದವನೊಬ್ಬ ಬಂದು ಬಾಗಿಲು ತಟ್ಟಿದ. "ಎಷ್ಟು ಸಾವಿರ ಲೀಟರಿಂದು ಸ್ವಾಮಿ? ಮಾಳಿಗೆ ಮೇಲೋ, ನೆಲದೊಳಗೋ?" ಎಂದು ಕೇಳಿದ. ಎದುರುಮನೆಯ ರಾಯರು ಪರೋಪಕಾರಿಗಳು, ಅವರು ಕಳಿಸಿದ್ದರಂತೆ. ನಾನು ಅವನನ್ನು ಒಳಗೆ ಕರೆದು, ಊಟದ ಮೇಜಿನ ಮೇಲೆ ಹರಡಿದ್ದ ಹಸಿರು ಪ್ಲಾಸ್ಟಿಕ್ ಚೂರುಗಳನ್ನು ತೋರಿಸಿ, "ಇದೇನಪ್ಪ ಟ್ಯಾಂಕು" ಎಂದೆ. ಅವನು ಚೂರುಗಳನ್ನು ನೋಡಿದ, ನನ್ನ ಕನ್ನಡಕವನ್ನು ನೋಡಿದ. "ಇದ್ರಲ್ಲಿ ನೀರು ನಿಲ್ಲಲ್ಲ ಸ್ವಾಮಿ" ಎಂದು ಮರುಕದಿಂದ ಹೇಳಿ ಹೊರಟುಹೋದ.

ಅವನ ತಪ್ಪಲ್ಲ. ಆ ಹೆಸರು ಹುಟ್ಟಿದ್ದೇ ಜನರ ಕಣ್ಣು ತಪ್ಪಿಸುವುದಕ್ಕಾಗಿ. ಮೊದಲನೆಯ ಮಹಾಯುದ್ಧದ ನಡುವೆ, 1915ರ ಕೊನೆಯ ಹೊತ್ತಿಗೆ, ಇಂಗ್ಲೆಂಡಿನಲ್ಲಿ ಈ ಉಕ್ಕಿನ ಬಂಡಿಯನ್ನು ಗುಟ್ಟಾಗಿ ತಯಾರಿಸುತ್ತಿದ್ದರು. ಯಾರಾದರೂ ಕೇಳಿದರೆ ನೀರಿನ ತೊಟ್ಟಿ ಎಂದು ಹೇಳಿದರಾಯಿತೆಂದು ಅದಕ್ಕೆ ಆ ಹೆಸರಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ತೊಟ್ಟಿಯ ಗುಟ್ಟು ಬಯಲಾಯಿತು. ಹೆಸರು ಮಾತ್ರ ಉಳಿದುಕೊಂಡಿತು. ಇನ್ನೂ ಹಿಂದಕ್ಕೆ ಹೋದರೆ ಈ ಮಾತು ಇಂಗ್ಲಿಷರ ಸ್ವಂತದ್ದೂ ಅಲ್ಲವಂತೆ; ನಮ್ಮ ಗುಜರಾತಿ, ಮರಾಠಿಗಳ ಕಡೆಯಿಂದ ಹೋದದ್ದೆಂದು ನಿಘಂಟುಗಳು ಹೇಳುತ್ತವೆ. ಮೈಸೂರು ಸೀಮೆಯ ಹಳೆಯ ಇಂಗ್ಲಿಷ್ ಕಾಗದಪತ್ರಗಳಲ್ಲಿ ನಮ್ಮ ಕೆರೆಗಳೆಲ್ಲ ಟ್ಯಾಂಕುಗಳೇ. ಹೀಗೆ ಮಾತಿನ ಬೆನ್ನು ಹತ್ತಿ ಹೋಗುವುದು ನನ್ನ ವೃತ್ತಿಯ ದೋಷ. ಓದುಗರು ಕ್ಷಮಿಸಬೇಕು.

ಕಾಲೇಜಿನಲ್ಲಿ ಕನ್ನಡ ಕಲಿಸುವ, ಜಗಳವೆಂದರೆ ಬೀದಿ ಬದಲಾಯಿಸುವ ಮನುಷ್ಯನಿಗೆ ಈ ಹುಚ್ಚು ಹತ್ತಿದ್ದು ಹೇಗೆಂದು ಹೇಳಬೇಕು. ನನ್ನ ಭಾವಮೈದ ಪುಣೆಯಲ್ಲಿದ್ದಾನೆ. ಬೇಸಗೆ ರಜದಲ್ಲಿ ನಾವು ಅವನ ಮನೆಗೆ ಹೋಗಿದ್ದಾಗ, ಒಂಬತ್ತನೆಯ ತರಗತಿಯ ನನ್ನ ಮಗನನ್ನೂ ನನ್ನನ್ನೂ ಒಂದು ದಿನ ಅಹಮದ್‌ನಗರಕ್ಕೆ ಕರೆದುಕೊಂಡು ಹೋದ. 2024ರಿಂದ ಆ ಊರಿಗೆ ಅಹಿಲ್ಯಾನಗರವೆಂದು ಹೆಸರು. ನಮ್ಮ ಸೈನ್ಯದ ಟ್ಯಾಂಕು ದಳದವರಿಗೆ ಪಾಠ ಹೇಳುವ ದೊಡ್ಡ ಶಾಲೆ ಅಲ್ಲಿದೆ. 1994ರಲ್ಲಿ ತೆರೆದ ಒಂದು ಟ್ಯಾಂಕು ಸಂಗ್ರಹಾಲಯವೂ ಇದೆ. ದೇಶದೇಶಗಳ ಟ್ಯಾಂಕುಗಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಅವುಗಳಲ್ಲೊಂದರ ಮುಂದೆ ಮಗ ಬಹಳ ಹೊತ್ತು ನಿಂತ. ಅದು ಬ್ರಿಟಿಷರ 'ಸೆಂಚುರಿಯನ್'. ಎರಡನೆಯ ಮಹಾಯುದ್ಧಕ್ಕೆಂದೇ ಮಾಡಿದ ಟ್ಯಾಂಕು. ಆದರೆ ಅದರ ಮೊದಲ ಆರು ಬಂಡಿಗಳು ಯೂರೋಪಿನ ನೆಲ ಮುಟ್ಟಿದ್ದು 1945ರ ಮೇ ತಿಂಗಳಿನಲ್ಲಿ, ಅಲ್ಲಿ ಯುದ್ಧ ಮುಗಿದ ಮೇಲೆ. ಮದುವೆ ಮುಗಿದ ಮೇಲೆ ಬಂದ ಓಲಗದವರಂತೆ. ಆಮೇಲೆ ಅದಕ್ಕೆ ಯುದ್ಧಗಳ ಕೊರತೆಯಾಗಲಿಲ್ಲ. ಕೊರಿಯಾದಲ್ಲಿ ಕಾದಿತು, 1965ರಲ್ಲಿ, 1971ರಲ್ಲಿ ನಮ್ಮ ಸೈನ್ಯದಲ್ಲೂ ಕಾದಿತು. ನಾವು ಹೋದ ದಿನ ಅದರ ತೋಪಿನ ಉದ್ದಕ್ಕೂ ಒಂದು ಅಳಿಲು ಓಡಿಯಾಡುತ್ತಿತ್ತು.

ಹೊರಡುವ ದಿನ ಭಾವಮೈದ ಅಳಿಯನ ಕೈಗೆ ಒಂದು ಪೆಟ್ಟಿಗೆ ಕೊಟ್ಟ. ಜಪಾನಿನ ತಾಮಿಯಾ ಕಂಪನಿಯದು. ಒಳಗೆ ಸೆಂಚುರಿಯನ್ ಟ್ಯಾಂಕಿನ ಬಿಡಿಭಾಗಗಳು. ಊರಿಗೆ ಬಂದ ವಾರದೊಳಗೆ ಮಗನಿಗೆ ಶಾಲೆ, ಟ್ಯೂಷನ್ನು, ಕ್ರಿಕೆಟ್ಟು ಎಲ್ಲವೂ ಶುರುವಾದುವು. ಪೆಟ್ಟಿಗೆ ನನ್ನ ಕೈಗೆ ಬಂತು. ಮಗನ ಆಟಿಕೆಯನ್ನು ತಂದೆ ಅಪಹರಿಸುವುದು ಲೋಕದಲ್ಲಿ ಹೊಸದೇನಲ್ಲ. "ನಿಮ್ಮ ತಾಯಿಗೆ ನವರಾತ್ರಿಯಲ್ಲಿ ಗೊಂಬೆ, ನಿಮಗೆ ವರ್ಷವೆಲ್ಲ ಗೊಂಬೆ" ಎಂದಳು ನನ್ನ ಹೆಂಡತಿ. ಅಮ್ಮ ಮಾತ್ರ, "ಇರಲಿ ಬಿಡಮ್ಮ, ಕ್ಲಬ್ಬಿಗೆ ಹೋಗೋದಕ್ಕಿಂತ ವಾಸಿ" ಎಂದು ನನ್ನ ಪಕ್ಷ ವಹಿಸಿದರು.

ಪೆಟ್ಟಿಗೆಯ ಮೇಲೆ 1/35 ಎಂದು ಬರೆದಿತ್ತು. ನಿಜವಾದ ಟ್ಯಾಂಕಿನ ಮೂವತ್ತೈದರಲ್ಲಿ ಒಂದು ಪಾಲು ಎಂದರ್ಥ. ಮೂವತ್ತೈದೇ ಏಕೆ? ಕಾರಣ ತಿಳಿದಾಗ ನನಗೆ ನಗು ಬಂತು. 1946ರಲ್ಲಿ ಶಿಜುವೋಕಾ ಎಂಬ ಊರಿನಲ್ಲಿ ಮರ ಕೊಯ್ಯುವ ಕಾರ್ಖಾನೆಯಾಗಿ ಶುರುವಾದ ಆ ಕಂಪನಿ, 1960ರ ದಶಕದ ಮೊದಲಲ್ಲಿ ಜರ್ಮನಿಯ 'ಪ್ಯಾಂಥರ್' ಟ್ಯಾಂಕಿನ ಮಾದರಿಯನ್ನು ಹೊರತಂದಿತು. ಅದು ತಾನಾಗಿಯೇ ಓಡಬೇಕೆಂದು ಒಳಗೆ ಮೋಟಾರನ್ನೂ ಎರಡು ಬ್ಯಾಟರಿಗಳನ್ನೂ ಇಡಬೇಕಾಗಿತ್ತು. ಅವು ಹಿಡಿಸುವಷ್ಟು ದೊಡ್ಡದಾಗಿ ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಸುಮಾರು ಮೂವತ್ತೈದರಲ್ಲೊಂದು ಪಾಲು! ಮುಂದಿನ ಟ್ಯಾಂಕುಗಳೂ ಅದೇ ಅಳತೆಯಲ್ಲಿ ಬಂದುವು. ಲೋಕದ ಬೇರೆ ತಯಾರಕರೂ ಅದನ್ನೇ ಹಿಡಿದರು. ಎಷ್ಟೋ ಶಾಸ್ತ್ರಗಳ ಮೂಲ ಹೀಗೆಯೇ ಇರಬಹುದು.

ನಾನು ಲೆಕ್ಕದಲ್ಲಿ ದಡ್ಡ. ಆದರೂ ಕಾಗದದ ಮೇಲೆ ಭಾಗಾಕಾರ ಮಾಡಿದೆ. ಸೆಂಚುರಿಯನ್ನಿನ ಅಗಲ ಸುಮಾರು 3.4 ಮೀಟರು, ಮೇಜಿನ ಮೇಲೆ ಅದು 10 ಸೆಂಟಿಮೀಟರಿಗಿಂತ ಕೂದಲೆಳೆ ಕಡಿಮೆ. ತೋಪಿನ ಬಾಯಿ 84 ಮಿಲಿಮೀಟರು. ಇಲ್ಲಿ ಸಾಸಿವೆ ಕಾಳು ಹೊಗುವಷ್ಟು. ತೂಕ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರನ್ನೂ ಮೂವತ್ತೈದರಿಂದ ಭಾಗಿಸಿದರೆ ತೂಕ 42,875 ಪಾಲು ಇಳಿಯಬೇಕು. 51 ಟನ್ನಿನ ಟ್ಯಾಂಕು, ಅಷ್ಟೇ ಉಕ್ಕಿನಲ್ಲಿ ಮಾಡಿದ್ದರೂ, ಒಂದೂಕಾಲು ಕಿಲೋ ಮುಟ್ಟುತ್ತಿರಲಿಲ್ಲ. ನನ್ನ ಪ್ಲಾಸ್ಟಿಕ್ ಟ್ಯಾಂಕಂತೂ ಅಂಗೈ ಮೇಲೆ ಹೂವು.

ಪೆಟ್ಟಿಗೆ ಬಿಚ್ಚಿದರೆ ಟ್ಯಾಂಕು ಕಾಣುವುದಿಲ್ಲ. ಕಿಟಕಿಯ ಸರಳಿನಂಥ ಚೌಕಟ್ಟುಗಳು, ಅವುಗಳ ತುಂಬ ಹುಣಿಸೆ ಕೊಂಬೆಗೆ ಕಾಯಿ ಹಿಡಿದಂತೆ ಬಿಡಿಭಾಗಗಳು, ಒಂದೊಂದಕ್ಕೂ ಒಂದು ಅಂಕೆ. ಅವನ್ನು ತಿರುಚಿ ಕೀಳಬಾರದು. ಇಕ್ಕುಳದಂಥ ಸಣ್ಣ ಕತ್ತರಿಯಿಂದ ಕತ್ತರಿಸಬೇಕು. ಕತ್ತರಿಸಿದ ಕಡೆ ಉಳಿಯುವ ಮೊಡವೆಯನ್ನು ಅರದಿಂದ ಉಜ್ಜಬೇಕು. ಅಚ್ಚಿನ ಎರಡು ಹೋಳು ಕೂಡಿದ ಕಡೆ ಒಂದು ಸಣ್ಣ ಗೆರೆ ಎದ್ದಿರುತ್ತದೆ, ಅದನ್ನೂ ಹೆರೆಯಬೇಕು. ಸೆಂಚುರಿಯನ್ನಿಗೆ ಒಂದು ಪಕ್ಕಕ್ಕೆ ಆರು ಗಾಲಿ, ಒಂದೊಂದು ಗಾಲಿಯೂ ಜೋಡಿ. ಒಟ್ಟು ಇಪ್ಪತ್ತನಾಲ್ಕು ಬಿಲ್ಲೆಗಳು. ಚಾಳೀಸಿನ ಕನ್ನಡಕ ಹಾಕಿಕೊಂಡು ಎರಡು ಸಂಜೆ ಅವುಗಳ ಅಂಚನ್ನೇ ಹೆರೆದೆ. ಕೊನೆಗೆ, ಗಾಲಿಗಳ ಮೇಲರ್ಧವನ್ನು ಮುಚ್ಚುವಂತೆ ಪಕ್ಕದ ತಗಡುಗಳನ್ನು ಕೂಡಿಸಬೇಕೆಂದು ಕೈಪಿಡಿ ಹೇಳಿತು! ಯಾರೂ ಓದದ ಅಡಿಟಿಪ್ಪಣಿಗಳನ್ನು ಬರೆದು ಅಭ್ಯಾಸವಿದ್ದುದರಿಂದ ನನಗೆ ದುಃಖವಾಗಲಿಲ್ಲ.

ಇಲ್ಲಿನ ಅಂಟು ನಮ್ಮ ಗೋಂದಿನಂಥದ್ದಲ್ಲ. ಅದು ಪ್ಲಾಸ್ಟಿಕ್ಕನ್ನು ಕೊಂಚ ಕರಗಿಸಿ ಎರಡು ಭಾಗಗಳನ್ನು ಒಂದು ಮಾಡುತ್ತದೆ. ಬೆರಳಿಗೆ ತಗುಲಿದ್ದು ತಿಳಿಯದೆ ನಾನು ಮೇಲಿನ ಗೋಪುರವನ್ನು ಹಿಡಿದೆ; ಉಕ್ಕಿನ ಕವಚದ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಕಾಯಂ ಆಯಿತು. ಎಂ. ಎ. ಓದಿ ಹೆಬ್ಬೆಟ್ಟು ಒತ್ತಿದೆ. ಉಪ್ಪುಕಾಗದ ಹಾಕಿ ಉಜ್ಜಬೇಕಾಯಿತು. ಇನ್ನೊಂದು ದಿನ ಮುಂದೀಪದ ಚೂರೊಂದು ಚಿಮಟದಿಂದ ಹಾರಿಹೋಯಿತು. ಮನೆಮಂದಿಯೆಲ್ಲ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿದೆವು. ಸಿಕ್ಕಿದ್ದು ಅಮ್ಮನಿಗೆ; ಅಕ್ಕಿಯಲ್ಲಿ ಕಲ್ಲು ಆರಿಸಿ ಪಳಗಿದ ಕಣ್ಣು ಅವರದು.

ಹೀಗೆ ನಗುನಗುತ್ತಲೇ ಕೆಲಸ ಸಾಗಿತ್ತು. ಮೇಲಿನ ಹೊದಿಕೆಯನ್ನು ಕೆಳಗಿನ ತೊಟ್ಟಿಗೆ ಕೂಡಿಸಬೇಕಾದ ರಾತ್ರಿ ಮಗ ಬಂದು ಬಗ್ಗಿ ನೋಡಿ, "ಅಪ್ಪಾ, ಒಳಗೆ ಏನೂ ಇಲ್ವಲ್ಲ!" ಎಂದ.

ನಿಜ, ಒಳಗೆ ಏನೂ ಇರಲಿಲ್ಲ. ನಿಜವಾದ ಟ್ಯಾಂಕಿನಲ್ಲಿ ಆ ಜಾಗದಲ್ಲಿ 650 ಕುದುರೆಶಕ್ತಿಯ ಎಂಜಿನ್ನು, ಗುಂಡುಗಳ ಸಾಲು, ನೀರು ಕಾಯಿಸುವ ಒಂದು ಪಾತ್ರೆ. ಸೈನಿಕರು ಚಹಾಕ್ಕಾಗಿ ಹೊರಗಿಳಿದು ಗುಂಡಿಗೆ ಗುರಿಯಾಗದಿರಲೆಂದು ಬ್ರಿಟಿಷರು ಸೆಂಚುರಿಯನ್ನಿನಲ್ಲಿ ಆ ಪಾತ್ರೆಯನ್ನು ಇಟ್ಟರು. ಇವುಗಳ ನಡುವೆ ನಾಲ್ಕು ಜನ. ನಡೆಸುವವನೊಬ್ಬ, ಗುರಿಯಿಡುವವನೊಬ್ಬ, ಗುಂಡು ತುಂಬಿ ರೇಡಿಯೋ ನೋಡುವವನೊಬ್ಬ, ಅಪ್ಪಣೆ ಕೊಡುವವನೊಬ್ಬ. ಪೆಟ್ಟಿಗೆಯಲ್ಲಿ ನಾಲ್ವರ ಬದಲು ಅಪ್ಪಣೆ ಕೊಡುವವನೊಬ್ಬನ ಗೊಂಬೆ ಮಾತ್ರ ಇತ್ತು. ಮೇಲಿನ ಬಾಗಿಲು ತೆರೆದು ಅವನನ್ನು ಅಲ್ಲಿ ನಿಲ್ಲಿಸಬೇಕು.

ಅವನು ಯಾರು? ಮಗ ಅಹಮದ್‌ನಗರದಲ್ಲಿಯೇ ಅದನ್ನು ತೀರ್ಮಾನಿಸಿಕೊಂಡು ಬಂದಿದ್ದ. 1971ರ ಡಿಸೆಂಬರ್ 16ರಂದು, ಢಾಕಾದಲ್ಲಿ ಯುದ್ಧ ಮುಗಿದ ದಿನವೇ, ಪಶ್ಚಿಮದ ಗಡಿಯಾಚೆ ಬಸಂತರ್ ನದಿಯ ಬಳಿ ಟ್ಯಾಂಕುಗಳ ಘೋರ ಯುದ್ಧ ನಡೆಯಿತು. ಪೂನಾ ಹಾರ್ಸ್ ದಳದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ 'ಫಾಮಾಗುಸ್ತಾ' ಎಂಬ ಹೆಸರಿನ ಸೆಂಚುರಿಯನ್ನಿನಲ್ಲಿದ್ದ. ಟ್ಯಾಂಕಿಗೆ ಏಟು ಬಿದ್ದು ಬೆಂಕಿ ಹತ್ತಿತು. ಬಿಟ್ಟು ಹೊರಗೆ ಬಾ ಎಂದು ರೇಡಿಯೋದಲ್ಲಿ ಅಪ್ಪಣೆಯಾಯಿತು. ತೋಪು ಇನ್ನೂ ಕೆಲಸ ಮಾಡುತ್ತಿದೆ, ಬಿಡುವುದಿಲ್ಲವೆಂದು ಅವನು ಉತ್ತರ ಕೊಟ್ಟ. ಶತ್ರುವಿನ ಇನ್ನೂ ಕೆಲವು ಟ್ಯಾಂಕುಗಳನ್ನು ಹೊಡೆದು ಅಲ್ಲಿಯೇ ತೀರಿಕೊಂಡ. ಸೈನ್ಯದ ಅಧಿಕಾರಿಯಾಗಿ ಅವನಿಗೆ ಆಗ ಆರು ತಿಂಗಳು. ಪರಮವೀರ ಚಕ್ರ ಮರಣಾನಂತರ ಬಂತು. ಆ ಟ್ಯಾಂಕನ್ನು ಅಹಮದ್‌ನಗರದ ಸೈನ್ಯದ ಶಾಲೆಯಲ್ಲಿ ಕಾಪಾಡಿಕೊಂಡಿದ್ದಾರೆ. ನಮ್ಮ ಪೆಟ್ಟಿಗೆಯದು ಸೆಂಚುರಿಯನ್ನಿನ ಮೊದಮೊದಲ ಮಾದರಿಗಳಲ್ಲೊಂದು. ಬಲ್ಲವರು ಕಂಡರೆ ತಪ್ಪು ಹಿಡಿದಾರು. ಆದರೂ ಮಗನಿಗೆ ಅದು ಫಾಮಾಗುಸ್ತಾ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಗೊಂಬೆಯ ಮುಖಕ್ಕೆ ಬಣ್ಣ ಹಚ್ಚಲು ಕುಳಿತೆ. ಐದೂವರೆ ಅಡಿಯ ಮನುಷ್ಯ ಈ ಅಳತೆಯಲ್ಲಿ ಐದು ಸೆಂಟಿಮೀಟರೂ ಇಲ್ಲ. ಮುಖವೆಂದರೆ ಒಂದು ಕಡಲೆಕಾಳು. ಕೆನ್ನೆಗೆ ಗೋಧಿಬಣ್ಣ ಹಾಕಿದೆ. ಕಣ್ಣಿಗೆ ಕುಂಚದ ತುದಿಯಿಂದ ಎರಡು ಚುಕ್ಕೆ ಇಡಬೇಕಾಗಿತ್ತು. ಇಡಲಾಗಲಿಲ್ಲ. ಖೇತ್ರಪಾಲನ ವಯಸ್ಸು ಆಗ ಇಪ್ಪತ್ತೊಂದು. ನಾನು ದಿನವೂ ಹಾಜರಿ ಕರೆಯುವ ಬಿ. ಎ. ಕೊನೆಯ ವರ್ಷದ ಹುಡುಗರ ವಯಸ್ಸು ಅದು. ಉದ್ದವನ್ನು ಮೂವತ್ತೈದರಿಂದ ಭಾಗಿಸಿದ್ದೆ, ತೂಕವನ್ನು ಅದರ ಘನದಿಂದ ಭಾಗಿಸಿದ್ದೆ. ಇಪ್ಪತ್ತೊಂದನ್ನು ಏತರಿಂದ ಭಾಗಿಸುವುದು?

ಆಗ ನನಗೊಂದು ನೆನಪು ಬಂತು. ಹಿಂದಿನ ವರ್ಷ ಕೊನೆಯ ಬೆಂಚಿನ ಹುಡುಗನೊಬ್ಬ ಅಧ್ಯಾಪಕರ ಕೋಣೆಗೆ ಬಂದು, ಸೈನ್ಯದ ಭರ್ತಿಗೆ ಹೋಗುತ್ತೇನೆಂದು, ನಡತೆಯ ಸರ್ಟಿಫಿಕೇಟಿಗೆ ನನ್ನ ರುಜು ಕೇಳಿದ್ದ. ನಾನು ಉತ್ತರ ಪತ್ರಿಕೆಗಳ ರಾಶಿಯಲ್ಲಿದ್ದೆ. ಕಾಗದ ಈಸಿಕೊಂಡೆ, ರುಜು ಹಾಕಿದೆ, ಕೊಟ್ಟೆ. ತಲೆಯೆತ್ತಿ ನೋಡಿದೆನೆ? ನೋಡಿರಲಿಲ್ಲ. ಅವನ ಕೈ ನೆನಪಿದೆ, ಅಂಗಿಯ ತೋಳಿನ ಬಣ್ಣ ನೆನಪಿದೆ. ಮುಖ ಎಷ್ಟು ಯೋಚಿಸಿದರೂ ಬರಲಿಲ್ಲ. ಇಪ್ಪತ್ತನಾಲ್ಕು ಗಾಲಿಗಳ ಅಂಚನ್ನು ಎರಡು ಸಂಜೆ ನೋಡಿದ ಕಣ್ಣು, ಒಬ್ಬ ಹುಡುಗನ ಮುಖವನ್ನು ಅರ್ಧ ನಿಮಿಷ ನೋಡಲಿಲ್ಲ.

ಇಪ್ಪತ್ತು ವರ್ಷಗಳಿಂದ ನಾನು ರಸಗಳ ಪಾಠ ಮಾಡುತ್ತಿದ್ದೇನೆ. ವೀರಕ್ಕೆ ಉತ್ಸಾಹ ಸ್ಥಾಯಿ, ಕರುಣಕ್ಕೆ ಶೋಕ ಸ್ಥಾಯಿ ಎಂದು ಎರಡನ್ನೂ ಕಪ್ಪುಹಲಗೆಯ ಮೇಲೆ ಬೇರೆ ಬೇರೆ ಮನೆಗಳಲ್ಲಿ ಬರೆಯುತ್ತೇನೆ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗನಾದ ಅಭಿಮನ್ಯು ಬಿದ್ದಿರುವುದನ್ನು ಕಂಡು ಅವನ ಪರಾಕ್ರಮವನ್ನು ಮೆಚ್ಚುತ್ತಾನೆ; ಸ್ವಲ್ಪ ಮುಂದೆ ತನ್ನ ಮಗ ಲಕ್ಷಣಕುಮಾರನನ್ನು ಕಂಡು ಗೋಳಾಡುತ್ತಾನೆ. ಈ ಸಂದರ್ಭವನ್ನು ಪರೀಕ್ಷೆಗೆ ಬರುವ ಪ್ರಶ್ನೆಯೆಂದು ಗುರುತು ಹಾಕಿಸಿಕೊಂಡು ಬಂದಿದ್ದೇನೆ. ಖೇತ್ರಪಾಲನ ತಂದೆಯೂ ಸೈನ್ಯದಲ್ಲಿದ್ದವರು. ಎಂಬತ್ತು ದಾಟಿದ ಮೇಲೆ, 2001ರಲ್ಲಿ, ಅವರು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಆದರದಿಂದ ತಮ್ಮ ಮನೆಯಲ್ಲಿ ಇಳಿಸಿಕೊಂಡವರು ಅಲ್ಲಿನ ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್. ಬಸಂತರಿನಲ್ಲಿ ಆ ದಿನ ನಿಮ್ಮ ಮಗನಿಗೆ ಎದುರಾಗಿದ್ದವನು ನಾನೇ, ಅವನು ನನ್ನ ಕೈಯಿಂದಲೇ ಸತ್ತನೆಂದು ಆತ ತಾನಾಗಿ ಆ ಮುದುಕರಿಗೆ ಹೇಳಿದರಂತೆ. ಹುಡುಗನ ಶೌರ್ಯಕ್ಕೆ ಗೌರವ ಸಲ್ಲಿಸಿದರಂತೆ. ಇದನ್ನು ಓದಿದ ಮೇಲೆ ನನ್ನ ಕಪ್ಪುಹಲಗೆಯ ಎರಡು ಮನೆಗಳ ನಡುವಿನ ಗೋಡೆ ಗಟ್ಟಿಯಾಗಿ ನಿಂತಿಲ್ಲ.

ಗೊಂಬೆ ಕಣ್ಣಿಲ್ಲದೆ ಹದಿನೈದು ದಿನ ಮೇಜಿನ ಮೇಲೆ ಬಿದ್ದಿತ್ತು. ಆ ನಡುವೆ ನಮ್ಮ ಕಾಲೇಜಿನ ಗೇಟು ಕಾಯುವವರು ಒಂದು ಸಂಜೆ ಕಾಗದದ ಕಟ್ಟೊಂದನ್ನು ತಲುಪಿಸಲು ಮನೆಗೆ ಬಂದರು. ಅವರು ಸೈನ್ಯದಿಂದ ನಿವೃತ್ತರು. ಎಲ್ಲರೂ ಅವರನ್ನು ಹವಾಲ್ದಾರರೆಂದೇ ಕರೆಯುತ್ತೇವೆ. ಟ್ಯಾಂಕು ಕಂಡದ್ದೇ ಅವರ ಮುಖ ಅರಳಿತು.

"ನಾನು ಡ್ರೈವರ್ ಆಗಿದ್ದೆ ಸಾರ್. ನಮ್ದು ಟಿ-72. ಅದ್ರಲ್ಲಿ ಮೂರೇ ಜನ."

ಇಷ್ಟು ವರ್ಷ ದಿನವೂ ನಮಸ್ಕಾರ ಹೇಳಿದ ಮನುಷ್ಯ ಟ್ಯಾಂಕು ನಡೆಸಿದ್ದನೆಂದು ನನಗೆ ಗೊತ್ತಿರಲಿಲ್ಲ. ಅವರು ಕೈಕಟ್ಟಿಕೊಂಡು ಮಾದರಿಯ ಸುತ್ತ ಬಂದು ನೋಡಿದರು.

"ಎಲ್ಲಾ ಸರಿಯಾಗಿದೆ ಸಾರ್. ಆದ್ರೆ ಬರೀ ಮೈ ಆಯ್ತು. ಹೊರಗಡೆ ಹಗ್ಗ, ಟಾರ್ಪಾಲು, ಬಕೆಟ್ಟು, ಹಾಸಿಗೆ ಸುರುಳಿ ಎಲ್ಲಾ ಕಟ್ಟಿರ್ತೀವಿ. ತಿಂಗಳುಗಟ್ಲೆ ಅದೇ ಮನೆ ಸಾರ್ ನಮಗೆ. ರಾಜಸ್ತಾನದ ಬಿಸಿಲಲ್ಲಿ ಬರಿಗೈಲಿ ಕಬ್ಬಿಣ ಮುಟ್ಟೋ ಹಾಗಿಲ್ಲ. ಬಾಗಿಲು ಮುಚ್ಚಿದ್ರೆ ಡ್ರೈವರಿಗೆ ಒಂದು ಸೀಳು ಗಾಜಷ್ಟೆ ಪ್ರಪಂಚ. ಮೇಲಿದ್ದೋರ ದನಿ ಕಿವೀಲಿ ಬರ್ತಿರ್ಬೇಕು. ಅದು ನಿಂತ್ರೆ ಭಯ."

ಕಾಫಿ ಕುಡಿಯುತ್ತ ಕೇಳಿದೆ: "ನೀವು ಎಷ್ಟನೇ ವಯಸ್ಸಿಗೆ ಸೇರಿದಿರಿ?"

"ಹತ್ತೊಂಬತ್ತು ಸಾರ್. ನನ್ನ ಸರ್ಟಿಫಿಕೇಟಿಗೂ ನಮ್ಮೂರ ಮೇಷ್ಟ್ರೇ ಸೈನ್ ಹಾಕಿದ್ದು. ಬಸ್‌ಸ್ಟ್ಯಾಂಡಿನವರೆಗೂ ಬಂದಿದ್ರು. ಕಾಗದ ಬರೀತಿರು ಅಂದ್ರು. ಅವರು ಇರೋವರೆಗೂ ಬರೆದೆ."

ಅವರು ಸಹಜವಾಗಿ ಹೇಳಿದ ಮಾತು. ನಾನು ಲೋಟವನ್ನು ನೋಡುತ್ತ ಕುಳಿತೆ.

ಆ ವಾರವೇ ಕೆಲಸ ಮುಗಿಸಿದೆ. ಹಸಿರು ಬಣ್ಣ ಬಳಿದು, ಅಂಚುಗಳನ್ನು ಸವೆದಂತೆ ಮಾಡಿ, ಗಾಲಿಗಳಿಗೆ ಕೆಸರಿನ ಬಣ್ಣ ತೊಡೆದೆ. ಔಷಧಿ ಸೀಸೆಯ ಮುಚ್ಚಳದಿಂದ ಒಂದು ಬಕೆಟ್ಟು ಮಾಡಿದೆ. ಹೆಂಡತಿ ಹಳೆಯ ಕರವಸ್ತ್ರದಿಂದ ಟಾರ್ಪಾಲು ಕತ್ತರಿಸಿಕೊಟ್ಟು ತಾನೇ ದಾರದಲ್ಲಿ ಕಟ್ಟಿದಳು. ಮಗ ಉಸಿರು ಬಿಗಿಹಿಡಿದು ಫಾಮಾಗುಸ್ತಾ ಎಂದು ಬರೆದ. ಮೇಲಿನ ಬಾಗಿಲನ್ನು ತೆರೆದಿಟ್ಟೆವು. ಗೊಂಬೆಯನ್ನು ನಿಲ್ಲಿಸಲಿಲ್ಲ. "ಯಾಕಪ್ಪಾ?" ಎಂದ ಮಗ. "ಕಣ್ಣು ಬರೆಯೋದಕ್ಕೆ ನನಗೆ ಬರಲಿಲ್ಲ ಕಣೋ" ಎಂದೆ. ಅವನು ನನ್ನ ಮುಖ ನೋಡಿ ಸುಮ್ಮನಾದ.

ಈ ವರ್ಷ ಇನ್ನೊಬ್ಬ ಹುಡುಗ ಅದೇ ಸರ್ಟಿಫಿಕೇಟಿಗೆ ರುಜು ಕೇಳಿಕೊಂಡು ಬಂದ. ನಾನು ಪೆನ್ನು ಕೆಳಗಿಟ್ಟು, ಕುಳಿತುಕೊಳ್ಳೆಂದು ಹೇಳಿ, ಯಾವ ಊರು, ಮನೆಯಲ್ಲಿ ಯಾರು ಯಾರಿದ್ದಾರೆಂದು ಕೇಳಿದೆ. ಅವನು ಗಾಬರಿಯಾದ, ರುಜು ಹಾಕುವುದಿಲ್ಲವೇನೋ ಎಂದುಕೊಂಡನೆಂದು ತೋರುತ್ತದೆ. ಬಲಗಡೆ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆ. ನಕ್ಕರೆ ಒಂದು ಹಲ್ಲು ಸೊಟ್ಟ. ರುಜು ಹಾಕಿ, "ಕಾಗದ ಬರೀತಿರು" ಎಂದೆ. ಈಗ ಯಾರು ಕಾಗದ ಬರೆಯುತ್ತಾರೆ? "ಮೆಸೇಜ್ ಮಾಡ್ತೀನಿ ಸಾರ್" ಎಂದ. ಆಗಲಿ ಎಂದೆ.

ನವರಾತ್ರಿಯಲ್ಲಿ ಅಮ್ಮ ಗೊಂಬೆ ಕೂರಿಸಿದಾಗ, ಟ್ಯಾಂಕನ್ನೂ ಕೊಡು ಎಂದರು. ದಸರೆಯ ಮೆರವಣಿಗೆಯ ಆನೆ ಕುದುರೆಗಳ ಹಿಂದೆ ಇಡುವರೆಂದುಕೊಂಡಿದ್ದೆ. ಅವರು ಅದನ್ನು ಮೇಲಿನ ಮೆಟ್ಟಿಲಿನಲ್ಲಿ, ಪಟ್ಟದ ಗೊಂಬೆಗಳ ಪಕ್ಕದಲ್ಲಿ ಇಟ್ಟರು. ಮಗ ಅಜ್ಜಿಗೆ ಕಥೆ ಹೇಳಿದ್ದನೆಂದು ಆಮೇಲೆ ತಿಳಿಯಿತು. ಆಯುಧಪೂಜೆಯ ದಿನ ಮನೆಯ ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆಗಳಿಗೆಲ್ಲ ಕುಂಕುಮವಿಡುತ್ತ ಬಂದ ಅಮ್ಮ, ಟ್ಯಾಂಕಿನ ಮುಂದೆಯೂ ನಿಂತು, ಒದ್ದೆ ಬೆರಳಿನಿಂದ ಅದರ ಹಣೆಗೊಂದು ಬೊಟ್ಟಿಟ್ಟರು. ನಾನು ತಿಂಗಳುಗಟ್ಟಲೆ ಹದಮಾಡಿ ಹಚ್ಚಿದ ಹಸಿರಿನ ಮೇಲೆ ಕೆಂಪು ಇಳಿದು ಹರಡಿತು. ಈ ಹವ್ಯಾಸ ಬಲ್ಲವರು ಅದನ್ನು ದೊಡ್ಡ ತಪ್ಪೆಂದಾರು. ಒರೆಸುವುದಕ್ಕೆ ನನ್ನಲ್ಲಿ ದ್ರಾವಣವೂ ಇತ್ತು.

ಒರೆಸಲಿಲ್ಲ. ಟ್ಯಾಂಕು ಈಗ ನನ್ನ ಪುಸ್ತಕದ ಕಪಾಟಿನಲ್ಲಿ 'ಗದಾಯುದ್ಧ'ದ ಮುಂದೆ ಇದೆ. ಬಾಗಿಲು ತೆರೆದೇ ಇದೆ.